ಗಾಡಿಗೊಂದು ಲೆಕ್ಕದ ಪುಸ್ತಕ: ಸರ್ವಿಸ್ ದಾಖಲೆ ಇಡುವ ಕ್ರಮ

"ಹೋದ ಸಲ ಆಯಿಲ್ ಯಾವಾಗ ಹಾಕ್ಸಿದ್ರಿ ಸಾರ್?" ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಇದು. ನಮ್ಮಲ್ಲಿ ಹೆಚ್ಚಿನವರ ಉತ್ತರವೂ ಒಂದೇ. "ದೀಪಾವಳಿ ಹಿಂದೆಮುಂದೆ ಇರಬೇಕು." ಅವರು ಡಿಪ್‌ಸ್ಟಿಕ್ ಎಳೆದು ನೋಡಿ, "ಕಪ್ಪಾಗಿದೆ, ಹಾಕಿಬಿಡೋಣ" ಅನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಆದರೆ ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಬಣ್ಣ ನೋಡಿ ಆಯಿಲ್ ವಯಸ್ಸು ಹೇಳಲು ಆಗುವುದಿಲ್ಲ. ಅದನ್ನು ಹೇಳುವುದು ನೀವು ಬರೆದಿಟ್ಟ ತಾರೀಕು ಮತ್ತು ಮೀಟರ್ ರೀಡಿಂಗ್ ಮಾತ್ರ.

ಗಾಡಿಯ ಸರ್ವಿಸ್ ಲೆಕ್ಕ ಇಡೋಕೆ ಯಾವ ಆ್ಯಪ್ ಒಳ್ಳೆಯದು ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಆ್ಯಪ್ ವಿಷಯ ಆಮೇಲೆ ನೋಡೋಣ. ಏನು ಬರೆಯಬೇಕು ಅನ್ನುವುದು ಗೊತ್ತಿದ್ದರೆ ಹತ್ತು ರೂಪಾಯಿಯ ನೋಟ್‌ಬುಕ್ ಕೂಡ ಸಾಕು. ಅದು ಗೊತ್ತಿಲ್ಲದಿದ್ದರೆ ಎಂಥ ಆ್ಯಪ್ ಇದ್ದರೂ ಮೂರನೇ ತಿಂಗಳಿಗೆ ಅದರ ನೆನಪೇ ಇರುವುದಿಲ್ಲ. ಬೈಕು, ಸ್ಕೂಟರ್, ಕಾರು ಇರುವ ಮನೆಯವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಟ್ರ್ಯಾಕ್ಟರ್, ಆಟೊ ಇರುವವರಿಗೆ ಬೇಕಾದ್ದು ಕೊನೆಯ ಕಡೆ ಇದೆ.

ಏನೇನು ಬೇಕು?

ಗಾಡಿಗೆ ಒಂದರಂತೆ ಗಟ್ಟಿ ರಟ್ಟಿನ ನೋಟ್‌ಬುಕ್. ಎರಡು ಗಾಡಿಗೆ ಒಂದೇ ಪುಸ್ತಕ ಬೇಡ, ಮಾರುವ ದಿನ ಹರಿಯಬೇಕಾಗುತ್ತದೆ. ಬಿಲ್ಲು ಹಾಕಿಡಲು ಒಂದು ಫೈಲ್. ಫೋಟೊ ತೆಗೆಯಲು ಫೋನ್. ಎಲ್ಲಕ್ಕಿಂತ ಮುಖ್ಯವಾಗಿ ಗಾಡಿಯ ಜೊತೆ ಬಂದ ಮಾಲೀಕರ ಕೈಪಿಡಿ. ಅದು ಕಳೆದುಹೋಗಿದ್ದರೆ ಚಿಂತೆಯಿಲ್ಲ. ಹೆಚ್ಚಿನ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಪಿಡಿಎಫ್ ಇಟ್ಟಿವೆ.

1. ಮೊದಲು ಗಾಡಿ ಇವತ್ತು ಎಲ್ಲಿದೆ ನೋಡಿ

ಹೊಸ ಗಾಡಿಯಾದರೆ ಈ ಹಂತ ಬೇಡ. ಹಳೆಯದಾದರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಆದರೆ, ಹಿಂದಿನದನ್ನು ನೆನಪಿನಿಂದ ತುಂಬಿಸಲು ಹೋಗಬೇಡಿ. ಗೊತ್ತಿಲ್ಲದ ಕಡೆ "ಗೊತ್ತಿಲ್ಲ" ಎಂದೇ ಬರೆಯಿರಿ. ಅಂದಾಜಿನಲ್ಲಿ ಬರೆದ ಕಿಲೋಮೀಟರ್ ಮುಂದೆ ನಿಮ್ಮನ್ನೇ ದಾರಿ ತಪ್ಪಿಸುತ್ತದೆ.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಗಾಡಿಗೆ ಆಗಿರುವ ಕೆಲಸ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಆರ್‌ಸಿ ತೆಗೆದುಕೊಂಡು ಹೋಗಿ ಸರ್ವಿಸ್ ಹಿಸ್ಟರಿ ಕೇಳಿ, ಅಂದರೆ ಇದುವರೆಗೆ ಆದ ಸರ್ವಿಸ್‌ಗಳ ಪಟ್ಟಿ. ಕೆಲವರು ಪ್ರಿಂಟ್ ಕೊಡುತ್ತಾರೆ, ಕೆಲವರು ಪರದೆಯ ಮೇಲೆ ತೋರಿಸುತ್ತಾರೆ. ತೋರಿಸಿದಾಗ ತಾರೀಕು, ಕಿಲೋಮೀಟರ್ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದರಿಂದ ಇನ್ನೊಂದು ಲಾಭ ಇದೆ. 2021ರಲ್ಲಿ 62,000 ಎಂದು ದಾಖಲಾದ ಗಾಡಿ ಈಗ 48,000 ತೋರಿಸುತ್ತಿದ್ದರೆ, ಯಾರೋ ಮೀಟರ್ ತಿರುಗಿಸಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಗಾಡಿಯಲ್ಲೇ ಬರೆದಿರುವ ವಯಸ್ಸುಗಳನ್ನು ಓದಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ವಾರ, ಉಳಿದ ಎರಡು ವರ್ಷ. 2319 ಎಂದಿದ್ದರೆ ಆ ಟೈರ್ ತಯಾರಾದದ್ದು 2019ರ 23ನೇ ವಾರದಲ್ಲಿ. ಸ್ಟೆಪ್ನಿಯನ್ನು ಮರೆಯಬೇಡಿ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ ನೋಡಲು ಹೊಸದರಂತೆ ಇರುತ್ತದೆ, ವಯಸ್ಸು ಮಾತ್ರ ಕಾರಿನಷ್ಟೇ ಆಗಿರುತ್ತದೆ. ಬ್ಯಾಟರಿಯ ಮೇಲಿನ ತಾರೀಕನ್ನೂ ಬರೆದುಕೊಳ್ಳಿ.

ಏನೂ ಗೊತ್ತಾಗದಿದ್ದರೆ ಒಂದು ಸಲ ಖರ್ಚು ಮಾಡಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಬ್ರೇಕ್ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಆ ದಿನದ ಕಿಲೋಮೀಟರ್‌ನಿಂದ ಲೆಕ್ಕ ಶುರು ಮಾಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಯಾವಾಗ ಹಾಕಿದ್ದು ಅಂತ ಹೇಗಾದರೂ ಮಾಡಿ ಪತ್ತೆ ಹಚ್ಚಿ. ಎಂಜಿನ್ ಒಳಗಿನ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ತಾಳ ತಪ್ಪದಂತೆ ನಡೆಸುವ ರಬ್ಬರ್ ಪಟ್ಟಿ ಅದು. ಓಡುವಾಗ ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಆ ರಿಪೇರಿಯ ಬಿಲ್ಲು ನೋಡುವ ದಿನ ಯಾರಿಗೂ ಬರುವುದು ಬೇಡ.

2. ಮೊದಲ ಪುಟ: ಗಾಡಿಯ ಜಾತಕ

ಪುಸ್ತಕದ ಮೊದಲ ಪುಟದಲ್ಲಿ ಬದಲಾಗದ ವಿವರಗಳು ಇರಲಿ. ನೋಂದಣಿ ಸಂಖ್ಯೆ, ಚಾಸಿ ನಂಬರ್, ಎಂಜಿನ್ ನಂಬರ್, ಕೊಂಡ ದಿನ. ಟೈರಿನ ಅಳತೆ, ಮುಂದೆ ಹಿಂದೆ ಎಷ್ಟು ಗಾಳಿ. ಎಂಜಿನ್ ಆಯಿಲ್ ಯಾವ ಗ್ರೇಡ್, ಎಷ್ಟು ಲೀಟರ್. ಬ್ಯಾಟರಿಯ ಮಾಡೆಲ್. ಹೊಸ ಗಾಡಿಯ ಕೀ ಗೊಂಚಲಿನಲ್ಲಿ ನಂಬರ್ ಇರುವ ಒಂದು ಸಣ್ಣ ಬಿಲ್ಲೆ ಬರುತ್ತದೆ. ಕೀ ಕಳೆದರೆ ಡುಪ್ಲಿಕೇಟ್ ಮಾಡಿಸಲು ಆ ನಂಬರ್ ಬೇಕು. ಅದನ್ನೂ ಬರೆದುಕೊಳ್ಳಿ.

ಆಯಿಲ್ ಗ್ರೇಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡಬ್ಬದ ಮೇಲೆ 10ಡಬ್ಲ್ಯು-30 ಎಂದಿದ್ದರೆ ಅದು ಆಯಿಲ್ ಎಷ್ಟು ಮಂದ ಎನ್ನುವ ಗುರುತು. ಬೈಕಿನವರು ಅದರ ಜೊತೆಗೆ ಎಂಎ ಅಥವಾ ಎಂಎ2 ಎಂಬ ಗುರುತನ್ನೂ ನೋಡಬೇಕು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಜಾರಿಕೆ ಜಾಸ್ತಿ ಇರುವ ಕಾರಿನ ಆಯಿಲನ್ನೋ ಸ್ಕೂಟರಿನ ಎಂಬಿ ಆಯಿಲನ್ನೋ ಅದಕ್ಕೆ ಸುರಿದರೆ ಕ್ಲಚ್ ಜಾರಲು ಶುರುವಾಗಬಹುದು. ಗ್ರೇಡ್ ಬರೆದಿಟ್ಟರೆ ಊರಿಗೆ ಹೋದಾಗ ಯಾವುದೋ ಅಂಗಡಿಯಲ್ಲಿ "ಇದೂ ಅದೇ ಸಾರ್" ಅಂದರೆ ತಕ್ಷಣ ನೋಡಿಕೊಳ್ಳಬಹುದು.

ಎಚ್ಚರಿಕೆ: ಈ ಪುಸ್ತಕವನ್ನು ಗಾಡಿಯೊಳಗೆ ಇಡಬೇಡಿ. ಗಾಡಿ ಕಳುವಾದರೆ ಅದರ ಜೊತೆ ಜಾತಕವೂ ಹೋಗುತ್ತದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಚೀಟಿಯಲ್ಲಿ ಗಾಳಿ ಎಷ್ಟು, ಆಯಿಲ್ ಯಾವುದು ಅಂತಿದ್ದರೆ ಸಾಕು. ಎರಡನೇ ಕೀ ಕೂಡ ಮನೆಯಲ್ಲೇ ಜೋಪಾನವಾಗಿ ಇರಲಿ. ಗಾಡಿ ಕಳುವಾದಾಗ ವಿಮಾ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ.

3. ಒಂದು ಕೆಲಸಕ್ಕೆ ಒಂದು ಸಾಲು

ಪುಸ್ತಕದ ಜೀವ ಇರುವುದು ಇಲ್ಲಿ. ಪುಟಕ್ಕೆ ಗೆರೆ ಎಳೆದು ಆರು ಮನೆ ಮಾಡಿ. ತಾರೀಕು, ಮೀಟರ್, ಆದ ಕೆಲಸ, ಎಲ್ಲಿ, ಖರ್ಚು, ಮುಂದಿನದು. ಒಂದು ಸ್ಕೂಟರಿನ ಸಾಲು ಹೀಗಿರುತ್ತದೆ:

14-6-2025. 18,240. ಎಂಜಿನ್ ಆಯಿಲ್ ಬದಲು, ಏರ್ ಫಿಲ್ಟರ್ ಶುಚಿ, ಹಿಂದಿನ ಬ್ರೇಕ್ ಶೂ ನೋಡಿದ್ದು, ಅರ್ಧ ಉಳಿದಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜ್. ರೂ. 780. ಮುಂದಿನ ಆಯಿಲ್ 21,240 ಅಥವಾ ಡಿಸೆಂಬರ್ 14.

ಮೀಟರ್ ಅಂದರೆ ಓಡೋಮೀಟರ್. ಗಾಡಿ ಮೊದಲ ದಿನದಿಂದ ಓಡಿದ ಒಟ್ಟು ಕಿಲೋಮೀಟರ್ ಅದು. ಬೇಕಾದಾಗ ಸೊನ್ನೆಗೆ ತಿರುಗಿಸುವ ಟ್ರಿಪ್ ಮೀಟರ್ ಅಲ್ಲ. ಎಷ್ಟೋ ಡಿಜಿಟಲ್ ಮೀಟರ್‌ಗಳಲ್ಲಿ ಒಂದೇ ಗುಂಡಿ ಒತ್ತಿದರೆ ಎರಡೂ ಬದಲಾಗುತ್ತಾ ಹೋಗುತ್ತವೆ. ಅವಸರದಲ್ಲಿ ಟ್ರಿಪ್ ಅಂಕಿ ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು.

ಎರಡನೇ ತಪ್ಪು ಇನ್ನೂ ದೊಡ್ಡದು. "ಸರ್ವಿಸ್ ಆಯ್ತು" ಎಂದು ಬರೆದು ಪುಸ್ತಕ ಮುಚ್ಚುವುದು. ಈ ಎರಡು ಪದದಿಂದ ಮುಂದಿನ ವರ್ಷ ಏನೂ ತಿಳಿಯುವುದಿಲ್ಲ. ನಾನು ನಾಲ್ಕು ಪದ ಗೊತ್ತು ಮಾಡಿಕೊಂಡಿದ್ದೇನೆ, ನೀವೂ ಬಳಸಿ ನೋಡಿ. ಬದಲು, ತುಂಬಿಸಿದ್ದು, ಶುಚಿ, ನೋಡಿದ್ದು.

ಹಳೆಯದು ತೆಗೆದು ಹೊಸದು ಹಾಕಿದರೆ "ಬದಲು". ಕಡಿಮೆಯಾದಷ್ಟನ್ನು ಮೇಲಿಂದ ಸುರಿದರೆ "ತುಂಬಿಸಿದ್ದು". ಬಿಚ್ಚಿ ಗಾಳಿ ಹೊಡೆದು ಅದನ್ನೇ ಹಾಕಿದರೆ "ಶುಚಿ". ಕೈ ಹಚ್ಚದೆ ಬರೀ ಪರೀಕ್ಷೆ ಮಾಡಿದರೆ "ನೋಡಿದ್ದು". ಬಿಲ್ಲಿನಲ್ಲಿ "ಕೂಲೆಂಟ್", ಅಂದರೆ ಎಂಜಿನ್ ತಂಪಾಗಿಡುವ ದ್ರವ, ಎಂದಷ್ಟೇ ಇರುತ್ತದೆ. ಪೂರ್ತಿ ಬದಲಿಸಿದರೋ, ಅರ್ಧ ಲೀಟರ್ ಸುರಿದರೋ? ಪೂರ್ತಿ ಬದಲಾಗಿದ್ದರೆ ಲೆಕ್ಕ ಹೊಸದಾಗಿ ಶುರು. ಬರೀ ತುಂಬಿಸಿದ್ದರೆ ಹಳೇ ಲೆಕ್ಕವೇ ಮುಂದುವರಿಯುತ್ತದೆ. ಜೊತೆಗೆ ಅದು ಯಾಕೆ ಕಡಿಮೆಯಾಯಿತು ಅನ್ನುವ ಪ್ರಶ್ನೆಯೂ ಏಳುತ್ತದೆ. ಒಂದು ಪದ ತಪ್ಪಿದರೆ ಎರಡು ವರ್ಷದ ಲೆಕ್ಕ ತಪ್ಪುತ್ತದೆ.

ಈ ಸಾಲನ್ನು ಯಾವಾಗ ಬರೆಯಬೇಕು? ದುಡ್ಡು ಕೊಟ್ಟ ಮೇಲೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು. ಪುಸ್ತಕ ಮನೆಯಲ್ಲಿದ್ದರೆ ಅಲ್ಲೇ ನಿಂತು ಮೀಟರ್‌ನದ್ದೊಂದು, ಬಿಲ್ಲಿನದ್ದೊಂದು ಫೋಟೊ ತೆಗೆಯಿರಿ. ರಾತ್ರಿ ಊಟವಾದ ಮೇಲೆ ನೋಡಿ ಬರೆದರಾಯಿತು. "ಭಾನುವಾರ ಬರೆಯೋಣ" ಎಂದುಕೊಂಡರೆ ಆ ಭಾನುವಾರ ಬರುವುದೇ ಇಲ್ಲ.

4. "ಮುಂದಿನದು" ಎಂಬ ಮನೆ ಖಾಲಿ ಬಿಡಬೇಡಿ

ಆಗಿಹೋದದ್ದನ್ನು ಮಾತ್ರ ಬರೆದರೆ ಅದು ಖರ್ಚಿನ ಪಟ್ಟಿ ಅಷ್ಟೇ. ಮುಂದೆ ಯಾವಾಗ ಅನ್ನುವುದಿದ್ದರೆ ಮಾತ್ರ ಪುಸ್ತಕ ನಿಮ್ಮನ್ನು ಎಚ್ಚರಿಸುತ್ತದೆ. ಕೈಪಿಡಿಯ ಕೊನೆಯಲ್ಲಿ ಸರ್ವಿಸ್ ಪಟ್ಟಿ ಇರುತ್ತದೆ. ಅಲ್ಲಿ ಎರಡು ಅಳತೆ ಕಾಣುತ್ತವೆ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ಇಲ್ಲಿ ಎಡವುವವರು ಕಡಿಮೆ ಓಡಿಸುವವರು. ಮನೆಯ ಹಿರಿಯರ ಕಾರು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುತ್ತದೆ, ದೇವಸ್ಥಾನಕ್ಕೆ ಮತ್ತು ಮದುವೆಗೆ. ಹತ್ತು ಸಾವಿರ ಆಗಲಿ ಅಂತ ಕಾದರೆ ಐದು ವರ್ಷ ಅದೇ ಆಯಿಲ್. ಕೈಪಿಡಿಯಲ್ಲಿ "10,000 ಕಿ.ಮೀ. ಅಥವಾ ಒಂದು ವರ್ಷ" ಎಂದಿದ್ದರೆ ಆ ಕಾರಿಗೆ ಅನ್ವಯಿಸುವುದು ವರ್ಷವೇ. ಬ್ರೇಕ್ ಫ್ಲೂಯಿಡ್ ಅಂತೂ ಗಾಡಿ ನಿಂತಿದ್ದರೂ ಗಾಳಿಯ ತೇವ ಹೀರಿಕೊಳ್ಳುತ್ತಲೇ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು ಅದಕ್ಕೇ. ವಾರಂಟಿ ಇರುವಾಗ ಈ ತಿಂಗಳ ಲೆಕ್ಕ ತಪ್ಪಿಸಿದರೆ, ಮುಂದೆ ಎಂಜಿನ್ ತೊಂದರೆ ಕೊಟ್ಟಾಗ ಕಂಪನಿ ಕೈ ಎತ್ತಲು ಅದೊಂದು ಕಾರಣ ಸಾಕು.

ಪದೇ ಪದೇ ಮರೆತುಹೋಗುವ ಕೆಲವು ಕೆಲಸಗಳಿವೆ. ಬೈಕಿನ ಚೈನ್ ಶುಚಿ ಮಾಡಿ ಲೂಬ್ ಹಾಕುವುದು ಸುಮಾರು 500 ಕಿಲೋಮೀಟರ್‌ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ. ಗೇರ್ ಇಲ್ಲದ ಸ್ಕೂಟರಿನ ಡ್ರೈವ್ ಬೆಲ್ಟ್, ಎಂಜಿನ್ ಬಲವನ್ನು ಹಿಂದಿನ ಚಕ್ರದ ಕಡೆ ಸಾಗಿಸುವ ಪಟ್ಟಿ, ಹಲವು ಮಾಡೆಲ್‌ಗಳಲ್ಲಿ 20ರಿಂದ 25 ಸಾವಿರದ ಆಸುಪಾಸಿನಲ್ಲಿ ಬದಲಾಗಬೇಕು. ಸಣ್ಣ ಸರ್ವಿಸ್‌ನಲ್ಲಿ ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಕಾರಿನ ಟೈರ್‌ಗಳನ್ನು ಮುಂದಿನದು ಹಿಂದಕ್ಕೆ ಹಾಕುವುದು, ಎಸಿ ಫಿಲ್ಟರ್, ವೈಪರ್ ಬ್ಲೇಡ್. ಯಾವುದೇ ಅಂಕಿ ಇರಲಿ, ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು.

ಕೈಪಿಡಿಗಿಂತ ಬೇಗ ಮಾಡಬೇಕಾದ ಸಂದರ್ಭಗಳೂ ಇವೆ. ದಿನಾ ಮಣ್ಣುರಸ್ತೆಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್, ಹೇಳಿದ ಕಿಲೋಮೀಟರ್‌ವರೆಗೆ ಬಾಳುವುದಿಲ್ಲ. ಸಂಡೂರಿನ ಕಡೆಯ ಅದಿರು ಧೂಳು ಗೊತ್ತಿರುವವರಿಗೆ ಇದನ್ನು ಹೇಳಬೇಕಾಗಿಲ್ಲ. ಉಡುಪಿ, ಕಾರವಾರದವರಿಗೆ ಉಪ್ಪುಗಾಳಿಯ ತುಕ್ಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ನಿಂತಿರುತ್ತದೆ, ಎಂಜಿನ್ ಓಡುತ್ತಿರುತ್ತದೆ. ಕಿಲೋಮೀಟರ್ ಕಡಿಮೆ ಅಂತ ಕಂಡರೂ ಆಯಿಲ್ ಮತ್ತು ಕ್ಲಚ್ ಸವೆಯುವುದು ನಿಂತಿರುವುದಿಲ್ಲ. ಇಂಥ ಬಳಕೆಗೆ ಕೈಪಿಡಿಯಲ್ಲಿ "ಕಠಿಣ ಬಳಕೆ" ಎಂಬರ್ಥದ ಬೇರೆ ಪಟ್ಟಿ ಇದ್ದರೆ, ಅದನ್ನೇ ನಿಮ್ಮ ಪಟ್ಟಿ ಮಾಡಿಕೊಳ್ಳಿ.

5. ಗ್ಯಾರೇಜಿನಲ್ಲಿ

ಷೋರೂಂ ಸರ್ವಿಸ್‌ನಲ್ಲಿ ಗಾಡಿ ಬಿಟ್ಟಾಗ ಜಾಬ್ ಕಾರ್ಡ್ ಬರೆಯುತ್ತಾರೆ. ಮಾಡಬೇಕಾದ ಕೆಲಸ, ನಿಮ್ಮ ದೂರು, ಆ ಹೊತ್ತಿನ ಕಿಲೋಮೀಟರ್ ಇರುವ ಹಾಳೆ ಅದು. ಸಹಿ ಹಾಕುವ ಮೊದಲು ಕಿಲೋಮೀಟರ್ ಓದಿ. ಅವಸರದಲ್ಲಿ 18,240 ಹೋಗಿ 81,240 ಆಗಿರುತ್ತದೆ. ನಗಬೇಡಿ, ಕಂಪನಿಯ ಕಂಪ್ಯೂಟರ್‌ಗೆ ಹೋಗುವುದು ಅದೇ ಅಂಕಿ. ವಾರಂಟಿ ಕಿಲೋಮೀಟರ್ ಮೀರಿದೆ ಎಂದು ನಾಳೆ ತೋರಿಸುವುದೂ ಅದೇ. ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. "ಬ್ರೇಕ್ ಚೆಕ್" ಎಂದು ಬರೆದರೆ ಏನೂ ಆಗುವುದಿಲ್ಲ. "ಬೆಳಿಗ್ಗೆ ಮೊದಲ ಎರಡು ಸಲ ಬ್ರೇಕ್ ಒತ್ತಿದಾಗ ಎಡಗಡೆ ಕಿರ್ ಅನ್ನುತ್ತದೆ" ಅಂತಿದ್ದರೆ ಹುಡುಕಲು ಅವರಿಗೂ ಸುಲಭ. ಮುಂದಿನ ಸಲ ಅದೇ ತೊಂದರೆ ಬಂದರೆ ಹಿಂದೆಯೇ ಹೇಳಿದ್ದೆ ಅನ್ನಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ನಮ್ಮ ಬೀದಿಯ ಗ್ಯಾರೇಜಿನ ಕತೆ ಬೇರೆ. ಅಲ್ಲಿ ಬಿಲ್ಲೇ ಇರುವುದಿಲ್ಲ ಅಲ್ವಾ? ಬಲವಂತ ಮಾಡಿ ಸಂಬಂಧ ಕೆಡಿಸಿಕೊಳ್ಳಬೇಡಿ. "ಅಣ್ಣಾ, ಹಾಕಿದ ಸಾಮಾನಿನ ಡಬ್ಬ ಎಸೀಬೇಡಿ, ಒಂದು ಫೋಟೊ ತಗೋತೀನಿ" ಅನ್ನಿ. ಡಬ್ಬದ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ತಯಾರಾದ ತಿಂಗಳು ಎಲ್ಲವೂ ಇರುತ್ತದೆ. ಪಾರ್ಟ್ ನಂಬರ್ ಅಂದರೆ ಆ ಬಿಡಿಭಾಗಕ್ಕೆ ಕಂಪನಿ ಕೊಟ್ಟ ಗುರುತು. ಮುಂದಿನ ಸಲ ಅದನ್ನೇ ತೋರಿಸಿದರೆ ಸರಿಯಾದ ಸಾಮಾನು ಸಿಗುತ್ತದೆ. ಬಿಡಿಭಾಗವನ್ನು ನೀವೇ ಅಂಗಡಿಯಿಂದ ತಂದುಕೊಟ್ಟರೆ ಇನ್ನೂ ಒಳ್ಳೆಯದು, ಬಿಲ್ಲು ನಿಮ್ಮ ಹೆಸರಿನಲ್ಲೇ ಸಿಗುತ್ತದೆ. ತೆಗೆದ ಹಳೇ ಸಾಮಾನನ್ನೂ ಒಮ್ಮೆ ಕೇಳಿ ನೋಡಿ. ಎಷ್ಟು ಸವೆದಿತ್ತು ಎಂದು ಪುಸ್ತಕದಲ್ಲಿ ಎರಡು ಪದ ಬರೆಯಬಹುದು.

ಷೋರೂಂ ಬಿಲ್ಲಿನಲ್ಲಿ ಮಾತ್ರ ಬಿಡಬೇಡಿ. "ಜನರಲ್ ಸರ್ವಿಸ್" ಎಂಬ ಒಂದೇ ಸಾಲಿಗೆ ದೊಡ್ಡ ಮೊತ್ತ ಹಾಕಿದ್ದರೆ, ಅದರಲ್ಲಿ ಏನೇನು ಸೇರಿದೆ ಎಂದು ಕೇಳಿ ಬಿಲ್ಲಿನ ಹಿಂದೆ ಬರೆದುಕೊಳ್ಳಿ.

6. ಬಿಲ್ಲು ಮಾಸುತ್ತದೆ

ನನ್ನ ಕಾರಿನ ಬ್ಯಾಟರಿ ಇಪ್ಪತ್ತನೇ ತಿಂಗಳಿಗೆ ಕೈಕೊಟ್ಟಿತು. ವಾರಂಟಿ ಇತ್ತು, ಕಾರ್ಡೂ ಇತ್ತು. ಆದರೆ ಕಾರ್ಡಿಗೆ ಅಂಗಡಿಯ ಸೀಲ್ ಇರಲಿಲ್ಲ, ತಾರೀಕೂ ಇರಲಿಲ್ಲ. ಬಿಲ್ಲು ಬಿಚ್ಚಿ ನೋಡಿದರೆ ಬಿಳಿ ಕಾಗದ. ಹೊಸ ಬ್ಯಾಟರಿಗೆ ಪೂರ್ತಿ ದುಡ್ಡು ಕೊಟ್ಟೆ.

ಆದದ್ದು ಇಷ್ಟೇ. ಈಗಿನ ಎಷ್ಟೋ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು ಕೊಡುವ ನುಣುಪು ಕಾಗದದ ಬಿಲ್ಲು ಥರ್ಮಲ್ ಪ್ರಿಂಟ್. ಅದರಲ್ಲಿ ಶಾಯಿ ಇಲ್ಲ. ಕಾಗದಕ್ಕೆ ಬಿಸಿ ತಾಗಿಸಿ ಅಕ್ಷರ ಮೂಡಿಸುತ್ತಾರೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಅದು ಕೆಲವೇ ತಿಂಗಳಲ್ಲಿ ಮಾಸುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿಟ್ಟರೂ ಅಕ್ಷರ ಹಾರಿಹೋಗಬಹುದು. ಆದ್ದರಿಂದ ಅಂಥ ಬಿಲ್ಲು ಕೈಗೆ ಬಂದ ದಿನವೇ ಫೋಟೊ ತೆಗೆಯಿರಿ, ಇಲ್ಲವೇ ಜೆರಾಕ್ಸ್ ಮಾಡಿಸಿ ಜೊತೆಗೆ ಪಿನ್ ಹೊಡೆಯಿರಿ. ಬ್ಯಾಟರಿ, ಟೈರ್ ಕೊಂಡಾಗ ಕಾರ್ಡಿಗೆ ಸೀಲು, ತಾರೀಕು, ಸಹಿ ಬೀಳುವವರೆಗೆ ಅಂಗಡಿಯಿಂದ ಹೊರಡಬೇಡಿ.

ಬ್ಯಾಟರಿಯ ಮೇಲೆ "24+24" ಎಂದಿರುವುದನ್ನು ನೋಡಿರಬಹುದು. ಮೊದಲ 24 ತಿಂಗಳಲ್ಲಿ ಕೆಟ್ಟರೆ ಹೊಸದು ಉಚಿತ. ಮುಂದಿನ 24 ತಿಂಗಳಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿತ ಮಾತ್ರ. ಆದ್ದರಿಂದ ಪುಸ್ತಕದಲ್ಲಿ ಎರಡೂ ಮುಗಿಯುವ ತಾರೀಕುಗಳನ್ನು ಬೇರೆ ಬೇರೆ ಬರೆಯಿರಿ. 23ನೇ ತಿಂಗಳಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗಲು ಬ್ಯಾಟರಿ ತಡವರಿಸಿದರೆ ಆವತ್ತೇ ಅಂಗಡಿಗೆ ಹೋಗಿ.

ಫೋಟೊಗಳನ್ನು ಫೋನಿನ ಗ್ಯಾಲರಿಯಲ್ಲಿ ಮದುವೆ ಫೋಟೊಗಳ ಮಧ್ಯೆ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಗಾಡಿಯ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ. ಪ್ರತಿ ಫೋಟೊಗೆ ಹೆಸರು ಕೊಡಿ, ವರ್ಷ ಮೊದಲು: 2025-06-14-18240-ಆಯಿಲ್. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಫೋನ್ ತಾನೇ ಸಾಲಾಗಿ ಜೋಡಿಸುತ್ತದೆ. ಫೋಲ್ಡರ್ ಗೂಗಲ್ ಡ್ರೈವ್‌ನಲ್ಲಿರಲಿ, ಫೋನ್ ಬಿದ್ದು ಹೋದರೂ ಬಿಲ್ಲು ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಳ್ಳುವವರು ತುಂಬಾ ಜನ. ತಾತ್ಕಾಲಿಕಕ್ಕೆ ಅಡ್ಡಿಯಿಲ್ಲ. ಫೋನ್ ಬದಲಿಸಿದಾಗ ಹಳೇ ಚಾಟ್ ಬರಲಿಲ್ಲ ಅಂತ ಆಮೇಲೆ ಪೇಚಾಡಬೇಡಿ.

7. ಕಾಗದಪತ್ರಗಳಿಗೊಂದು ಪುಟ

ಪುಸ್ತಕದ ಕೊನೆಯ ಪುಟ ಅವಧಿ ಮುಗಿಯುವ ಪತ್ರಗಳಿಗೆ ಮೀಸಲು. ವಿಮೆ, ಹೊಗೆ ತಪಾಸಣೆ ಪತ್ರ, ಆರ್‌ಸಿ, ನಿಮ್ಮ ಡಿಎಲ್.

ವಿಮೆಯಲ್ಲಿ ಒಂದು ದೊಡ್ಡ ಗುಂಡಿ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮದೇ ಗಾಡಿ ಜಖಂ ಆದರೆ, ಕಳುವಾದರೆ ಸಿಗುವ ಸ್ವಂತ ಹಾನಿ ವಿಮೆ ಬಹಳ ಸಲ ಒಂದೇ ವರ್ಷದ್ದಾಗಿರುತ್ತದೆ. "ಐದು ವರ್ಷ ಇನ್ಶೂರೆನ್ಸ್ ಇದೆ" ಎಂದು ನಂಬಿ ಕೂತವರು ಎರಡನೇ ವರ್ಷ ಬೈಕ್ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲುತ್ತಾರೆ. ಇವತ್ತೇ ಪಾಲಿಸಿ ತೆಗೆದು ಎರಡೂ ತಾರೀಕು ನೋಡಿ. ಬರೆಯುವಾಗಲೂ ಎರಡು ಸಾಲಾಗಿ ಬರೆಯಿರಿ.

ಸ್ವಂತ ಹಾನಿ ವಿಮೆ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಇದು. ಮೊದಲ ವರ್ಷಕ್ಕೆ ಶೇ 20, ಏರುತ್ತಾ ಐದು ವರ್ಷಕ್ಕೆ ಶೇ 50. ಈ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಹೊಸ ಗಾಡಿ ಕೊಂಡಾಗ ಅದಕ್ಕೆ ಒಯ್ಯಬಹುದು. ಎಷ್ಟಿದೆ ಎಂದು ಪುಟದಲ್ಲಿ ಬರೆದಿಡಿ.

ಹೊಗೆ ಪತ್ರ ಹೊಸ ಗಾಡಿಗೆ ಮೊದಲ ವರ್ಷ ಬೇಡ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಬಿಎಸ್ ಅಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ. ಸ್ವಂತ ಬಳಕೆಯ ಗಾಡಿಯ ಆರ್‌ಸಿಗೆ 15 ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ.

ಆರ್‌ಸಿಯ ಫೋಟೊ ಗ್ಯಾಲರಿಯಲ್ಲಿದ್ದರೆ ಪೊಲೀಸರು ಒಪ್ಪಬೇಕೆಂದಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ್ದು ಮಾತ್ರ ಮೂಲ ಪತ್ರಕ್ಕೆ ಸಮ. ಅದರ ಜೊತೆ ಆರ್‌ಸಿಯಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇದೆಯೇ ಎಂದೂ ನೋಡಿ. ಎಷ್ಟೋ ಗಾಡಿಗಳಲ್ಲಿ ಷೋರೂಂ ಹುಡುಗನ ನಂಬರ್ ಇರುತ್ತದೆ, ಒಟಿಪಿ ಅವನಿಗೆ ಹೋಗುತ್ತದೆ.

8. ಆ್ಯಪ್ ಬೇಕೇ?

ಪುಸ್ತಕ ಮೂರು ತಿಂಗಳು ನಡೆಸಿ, ರೂಢಿಯಾದ ಮೇಲೆ ಬೇಕೆನಿಸಿದರೆ ಹಾಕಿಕೊಳ್ಳಿ. ಫ್ಯುಯೆಲಿಯೊ, ಡ್ರೈವೊ ಮುಂತಾದವು ಪೆಟ್ರೋಲ್, ಖರ್ಚು, ಸರ್ವಿಸ್ ಮೂರನ್ನೂ ಇಡುತ್ತವೆ, ಸಮಯ ಬಂದಾಗ ನೆನಪಿಸುತ್ತವೆ. ಆರಿಸುವಾಗ ಒಂದೇ ಪ್ರಶ್ನೆ ಕೇಳಿ. ನನ್ನ ಲೆಕ್ಕವನ್ನು ಹೊರಗೆ ತೆಗೆದುಕೊಳ್ಳಬಹುದೇ? ಎಕ್ಸ್‌ಪೋರ್ಟ್ ಇಲ್ಲದ ಆ್ಯಪ್ ಮುಚ್ಚಿಹೋದರೆ ನಿಮ್ಮ ಐದು ವರ್ಷದ ಲೆಕ್ಕವೂ ಮುಚ್ಚಿದಂತೆ.

ಮನೆಯಲ್ಲಿ ಮೂರು ಗಾಡಿ, ಓಡಿಸುವವರು ನಾಲ್ವರು ಇದ್ದರೆ ಗೂಗಲ್ ಶೀಟ್ಸ್ ವಾಸಿ. ಅದೇ ಆರು ಮನೆ, ಗಾಡಿಗೊಂದು ಹಾಳೆ, ಎಲ್ಲರ ಫೋನಿನಲ್ಲೂ ತೆರೆಯುತ್ತದೆ. ಮೀಟರ್‌ಗೆ ಸರ್ವಿಸ್ ಅಂತರ ಕೂಡಿಸುವ ಒಂದು ಸೂತ್ರ ಹಾಕಿದರೆ "ಮುಂದಿನದು" ತಾನೇ ತುಂಬಿಕೊಳ್ಳುತ್ತದೆ. ಎಲ್ಲ ಬರೆಯುವುದನ್ನು ಒಬ್ಬರೇ ಒಪ್ಪಿಕೊಳ್ಳಲಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಆಗುವುದಿಲ್ಲ.

ಇದ್ಯಾವುದೂ ಬೇಡ ಅನ್ನುವವರಿಗೆ ಅಡುಗೆಮನೆಯ ಕ್ಯಾಲೆಂಡರ್ ಇದ್ದೇ ಇದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಾಕಿದ ದಿನ ಬರೆಯುವಲ್ಲೇ "ಸ್ಕೂಟರ್ ಆಯಿಲ್" ಎಂದೂ ಬರೆಯಿರಿ. ಡಿಸೆಂಬರ್ ಕೊನೆಗೆ ಕ್ಯಾಲೆಂಡರ್ ರದ್ದಿಗೆ ಹಾಕುವ ಮುಂಚೆ ಪುಸ್ತಕಕ್ಕೆ ಇಳಿಸಿಕೊಳ್ಳಿ, ಅಷ್ಟೇ.

9. ಬರೆದದ್ದನ್ನು ಓದಿ

ತಿಂಗಳಿಗೊಮ್ಮೆ ಐದು ನಿಮಿಷ ಪುಟ ತಿರುವಿ. ಒಂಟಿ ಸಾಲು ಏನೂ ಹೇಳುವುದಿಲ್ಲ, ನಾಲ್ಕು ಸಾಲು ಒಟ್ಟಿಗೆ ನೋಡಿದರೆ ಹೇಳುತ್ತದೆ. "ಕೂಲೆಂಟ್ ತುಂಬಿಸಿದ್ದು" ಎಂಬ ಸಾಲು ಆರು ತಿಂಗಳಲ್ಲಿ ಮೂರು ಸಲ ಕಂಡರೆ ಎಲ್ಲೋ ಸೋರುತ್ತಿದೆ. ಒಂದೇ ಕಡೆಯ ಬ್ರೇಕ್ ಪ್ಯಾಡ್ ಬೇಗ ಸವೆದರೆ ಬ್ರೇಕ್ ಹಿಡಿದುಕೊಂಡೇ ಇರಬಹುದು. ಎಡ ಮುಂಭಾಗದ ಟೈರ್ ಒಳಗಡೆ ಮಾತ್ರ ತಿಂದಿದ್ದರೆ ವೀಲ್ ಅಲೈನ್‌ಮೆಂಟ್ ನೋಡಿಸಿ, ಅಂದರೆ ಚಕ್ರಗಳು ನೇರವಾಗಿವೆಯೇ ಎಂಬ ಪರೀಕ್ಷೆ. ಪಂಕ್ಚರ್ ಆದಾಗ ಯಾವ ಟೈರ್ ಎಂದೂ ಬರೆಯಿರಿ.

ಮೈಲೇಜ್ ಲೆಕ್ಕವೂ ಇದರ ಭಾಗವೇ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆಯಿರಿ. ಓಡಿಸಿ. ಮತ್ತೆ ಫುಲ್ ಮಾಡಿಸಿ. ಈ ಎರಡನೇ ಸಲ ಹಿಡಿದ ಲೀಟರ್‌ನಿಂದ ನಡುವೆ ಓಡಿದ ಕಿಲೋಮೀಟರನ್ನು ಭಾಗಿಸಿ. 312 ಕಿಲೋಮೀಟರ್‌ಗೆ 6.5 ಲೀಟರ್ ಹಿಡಿದರೆ ಲೀಟರ್‌ಗೆ 48. ನೂರು ರೂಪಾಯಿಗೆ ಹಾಕಿಸಿ ಅಂದಾಜು ಮಾಡುವ ಮೈಲೇಜ್ ಸುಮ್ನೆ ಮಾತು. ಮೂರು ಟ್ಯಾಂಕ್ ಸತತವಾಗಿ ಇಳಿದರೆ ಮೊದಲು ಟೈರಿನ ಗಾಳಿ, ಆಮೇಲೆ ಏರ್ ಫಿಲ್ಟರ್, ಆಮೇಲೆ ಮೆಕ್ಯಾನಿಕ್.

ವರ್ಷಕ್ಕೊಮ್ಮೆ ದೊಡ್ಡ ಪರೀಕ್ಷೆಗೆ ಆಯುಧ ಪೂಜೆಗಿಂತ ಒಳ್ಳೆಯ ದಿನ ಇಲ್ಲ. ಹೇಗೂ ಆವತ್ತು ಗಾಡಿಯ ಮೂಲೆ ಮೂಲೆ ತೊಳೆಯುತ್ತೀರಿ. ಅರಿಶಿನ ಕುಂಕುಮ ಹಚ್ಚುವ ಮುಂಚೆ ಟೈರಿನ ತಾರೀಕು, ಸ್ಟೆಪ್ನಿಯ ಗಾಳಿ, ಎಲ್ಲ ಲೈಟು ನೋಡಿ. ಜಾಕ್ ಇದೆಯೋ ಇಲ್ಲವೋ ಅಂತಲೂ ನೋಡಿ. ಮೀಟರ್ ಬರೆಯಿರಿ. ಹೋದ ವರ್ಷದ ಪೂಜೆಯಿಂದ ಈ ಪೂಜೆಗೆ ಎಷ್ಟು ಓಡಿತು, ಎಷ್ಟು ಖರ್ಚಾಯಿತು ಗೊತ್ತಾಗುತ್ತದೆ.

10. ಟ್ರ್ಯಾಕ್ಟರ್, ಆಟೊ, ಎಲೆಕ್ಟ್ರಿಕ್

ಟ್ರ್ಯಾಕ್ಟರ್‌ಗೆ ಕಿಲೋಮೀಟರ್ ಲೆಕ್ಕ ಬೇಡ. ಹೊಲದಲ್ಲಿ ಅದು ದಿನವಿಡೀ ದುಡಿದರೂ ದೂರ ಹೋಗುವುದಿಲ್ಲ. ಅವರ್ ಮೀಟರ್, ಅಂದರೆ ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್ ಬರೆಯಿರಿ. ಆಯಿಲ್ ಬದಲಿಗೆ ಕೈಪಿಡಿಯಲ್ಲಿ ಗಂಟೆಗಳ ಲೆಕ್ಕವೇ ಇರುತ್ತದೆ, ಹಲವು ಮಾಡೆಲ್‌ಗಳಲ್ಲಿ 250 ಗಂಟೆ. ರೋಟವೇಟರ್ ಹೊಡೆಯುವ ಧೂಳಿನ ದಿನಗಳಲ್ಲಿ ಏರ್ ಕ್ಲೀನರ್ ನೋಡಿದ್ದನ್ನು ದಿನಾ ಒಂದು ಸಾಲು ಬರೆಯುವುದು ಜಾಸ್ತಿ ಏನಲ್ಲ.

ಆಟೊ, ಟ್ಯಾಕ್ಸಿ, ಗೂಡ್ಸ್ ಗಾಡಿಯವರಿಗೆ ಎಫ್‌ಸಿ ಮುಖ್ಯ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸಿಎನ್‌ಜಿ ಗಾಡಿಯ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಬೇಕು. ಅದರ ತಾರೀಕಿಗೂ ಒಂದು ಸಾಲು.

ಎಲೆಕ್ಟ್ರಿಕ್ ಗಾಡಿಗೆ ಆಯಿಲ್ ಇಲ್ಲ, ಹಾಗಾಗಿ ಬರೆಯಲು ಏನಿದೆ ಅನ್ನುತ್ತಾರೆ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಮೂರು ತಿಂಗಳಿಗೊಮ್ಮೆ ಫುಲ್ ಚಾರ್ಜಿಗೆ, ನೀವು ದಿನಾ ಹೋಗುವ ಅದೇ ದಾರಿಯಲ್ಲಿ, ಎಷ್ಟು ಓಡಿತು ಎಂದು ಬರೆಯಿರಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನವನ್ನೂ ಬರೆಯಿರಿ. ವಾರಂಟಿ ಕೇಳುವ ದಿನ ಈ ಅಂಕಿಗಳೇ ಮಾತಾಡುತ್ತವೆ.

11. ಮಾರುವಾಗ

ಪುಸ್ತಕ ಮತ್ತು ಬಿಲ್ಲಿನ ಫೈಲ್ ಮೇಜಿನ ಮೇಲೆ ಇಟ್ಟು ಮಾತು ಶುರು ಮಾಡಿ. ಚೌಕಾಸಿ ಮಾಡುವವರು ಕ್ಲಚ್ ಹೋಗಿದೆ, ಟೈರ್ ಹೋಗಿದೆ ಎನ್ನುವ ಮೊದಲು ಪುಟ ತೋರಿಸಬಹುದು. ಕೊಡುವ ಮುಂಚೆ ಪೂರ್ತಿ ಪುಸ್ತಕದ ಫೋಟೊ ತೆಗೆದುಕೊಳ್ಳಿ. ನಿಮ್ಮ ಆಧಾರ್ ಜೆರಾಕ್ಸ್, ಹಳೇ ಪಾಲಿಸಿ ಪ್ರತಿ ಫೈಲಿನಲ್ಲಿದ್ದರೆ ತೆಗೆದಿಡಿ.

ಕೊನೆಯ ಸಾಲನ್ನು ಗಾಡಿ ಕೊಟ್ಟ ಕ್ಷಣವೇ ಬರೆಯಿರಿ. ತಾರೀಕು, ಗಂಟೆ, ಮೀಟರ್, ಕೊಂಡವರ ಹೆಸರು, ಅವರ ಸಹಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಸಾಲದು. ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಕೊಂಡವರು ಹೆಸರು ಬದಲಿಸಿಕೊಳ್ಳದೆ ಗಾಡಿ ಅಪಘಾತ ಮಾಡಿದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ತಿಂಗಳಾದ ಮೇಲೆ ಎಂಪರಿವಾಹನ್‌ನಲ್ಲಿ ಆ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರು ಇನ್ನೂ ನಿಮ್ಮದೇ ಇದ್ದಂತೆ ಕಂಡರೆ ಕೊಂಡವರಿಗೆ ಆವತ್ತೇ ಫೋನ್ ಮಾಡಿ.